ಎಡಗಡೆಯ ಬಾಗಿಲು

ದೊಡ್ಡಬಳ್ಳಾಪುರದ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ ನನಗೆ ಮೂವತ್ತೆರಡು ವರ್ಷ. ಮದುವೆಯಾಗಿರಲಿಲ್ಲ. ಅಮ್ಮ ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಆಸ್ಪತ್ರೆಯ ಹಿಂದೆ ಎರಡು ಕೋಣೆಯ ಕ್ವಾರ್ಟರ್ಸ್ ಕೊಟ್ಟಿದ್ದರು. ಸುತ್ತಲ ಬೀದಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಊರಿನ ಹೆಂಗಸರು ನನ್ನನ್ನು ಗೌರವದಿಂದ ಕಾಣುತ್ತಿದ್ದರು. ಹೆರಿಗೆಯಾಗಿ ಮನೆಗೆ ಹೋದವರು ಬಾಳೆಹಣ್ಣು, ಎಲೆ ಅಡಿಕೆ ತಂದು ಕೊಡುತ್ತಿದ್ದರು. ಆದರೆ ಹೊಸ್ತಿಲ ಆಚೆಯೇ ನಿಂತು ಕೊಟ್ಟು ಹೋಗುತ್ತಿದ್ದರು. ಒಳಗೆ ಬಂದು ಕೂತು ಮಾತಾಡಿದವರು ಮೊದಲ ಎರಡು ವರ್ಷ ಯಾರೂ ಇರಲಿಲ್ಲ.

ಕಾರು ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಆಗ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕೆಲಸಕ್ಕೆ ಸೇರಿದ ವರ್ಷವೇ ಅಣ್ಣನ ಒತ್ತಾಯಕ್ಕೆ ಬರೆಸಿದ್ದೆ. ಸರದಿ ಬಂದಿದೆ ಎಂಬ ಕಾಗದ ಕೈಗೆ ಬಂದಾಗ ಬರೆಸಿದ್ದೇ ಮರೆತುಹೋಗಿತ್ತು. ಬೂದು ಬಣ್ಣದ, ನಾಲ್ಕು ಬಾಗಿಲಿನ ಕಾರು. ನಮ್ಮ ಆಸ್ಪತ್ರೆಯ ಜೀಪ್ ಡ್ರೈವರ್ ಹೈಸ್ಕೂಲಿನ ಮೈದಾನದಲ್ಲಿ ಎರಡು ತಿಂಗಳು ಓಡಿಸಲು ಕಲಿಸಿಕೊಟ್ಟ. ಊರಿನಲ್ಲಿ ಕಾರು ಓಡಿಸುವ ಹೆಂಗಸು ನಾನೊಬ್ಬಳೇ. ಮಕ್ಕಳು ಹಿಂದೆ ಓಡಿ ಬರುತ್ತಿದ್ದರು.

ಪ್ರತಿ ಬುಧವಾರ ನಾವು ಘಾಟಿ ಕಡೆಯ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡಿ ಬರಬೇಕಿತ್ತು. ಸರ್ಕಾರಿ ಜೀಪು ತಿಂಗಳಲ್ಲಿ ಮೂರು ವಾರ ರಿಪೇರಿಯಲ್ಲೇ ಇರುತ್ತಿತ್ತು. ಹಾಗಾಗಿ ನನ್ನ ಕಾರಿನಲ್ಲೇ ಹೊರಟೆವು. ನಾವು ಅಂದರೆ ನಾನು ಮತ್ತು ನಮ್ಮ ನರ್ಸಮ್ಮ. ಆಕೆ ಹೊಸಕೋಟೆ ಕಡೆಯ ಒಕ್ಕಲು ಮನೆತನದವರು, ಐವತ್ತರ ಹತ್ತಿರದ ವಯಸ್ಸು, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ವಾರ್ಡಿನಲ್ಲಿ ನನ್ನೆದುರು ಕೂತವರಲ್ಲ, ಕೇಳಿದ್ದಕ್ಕಷ್ಟೇ ಉತ್ತರ. ಕಾರಿನಲ್ಲಿ ನನ್ನ ಪಕ್ಕ ಕೂತು ಊರು ದಾಟಿದರೆ ಸಾಕು, ಬೇರೆಯೇ ಮನುಷ್ಯರಾಗುತ್ತಿದ್ದರು.

"ಡಾಕ್ಟ್ರಮ್ಮ, ನೀವು ರಾಗಿ ಮುದ್ದೆ ಹೆಂಗ್ ತಿಂತೀರಿ ಅಂತ ನಂಗ್ ಗೊತ್ತು. ಅಗಿದು ತಿಂತೀರಿ. ಹಂಗಲ್ಲ ಅದು, ನುಂಗ್ಬೇಕು," ಎಂದು ನಗುತ್ತಿದ್ದರು. ತಮ್ಮನ ಮಕ್ಕಳ ಸುದ್ದಿ, ಮಾವನ ಮನೆಯವರು ತಮ್ಮನ್ನು ನರ್ಸ್ ಟ್ರೈನಿಂಗಿಗೆ ಬಿಡದೆ ಕೋಣೆಯಲ್ಲಿ ಕೂಡಿಹಾಕಿದ್ದು, ಹಿತ್ತಲ ಗೋಡೆ ಹಾರಿ ಬಂದದ್ದು, ಎಲ್ಲ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಎರಡು ಸಲ ಮುರಿದುಹೋದ ನನ್ನ ಮದುವೆ ಮಾತುಕತೆಯನ್ನು ನಾನು ಬಾಯಿಬಿಟ್ಟು ಹೇಳಿದ್ದು ಅವರೊಬ್ಬರಿಗೇ. ಮಿಕ್ಕ ಆರು ದಿನ ನಾನು ಬುಧವಾರಕ್ಕಾಗಿ ಕಾಯುತ್ತಿದ್ದೆ.

ಎಡಗಡೆಯ ಮುಂದಿನ ಬಾಗಿಲು ಹಳ್ಳದಲ್ಲಿ ಇಳಿದಾಗಲೆಲ್ಲ ಸದ್ದು ಮಾಡುತ್ತಿತ್ತು. ಹೊಸ ಕಾರಿನಲ್ಲಿ ಹಾಗೇ ಇರಬಹುದು ಎಂದುಕೊಂಡೆ. ನಾಲ್ಕನೇ ತಿಂಗಳ ಒಂದು ಬುಧವಾರ, ಕೆಲಸ ಮುಗಿಸಿ ಮಧ್ಯಾಹ್ನ ಹಿಂದಿರುಗುತ್ತಿದ್ದಾಗ, ಎದುರಿಗೆ ಕುರಿಮಂದೆ ಬಂತು. ನಾನು ಬಲಕ್ಕೆ ತಿರುಗಿಸಿದೆ. ಜೋರಾಗಿಯೇನೂ ಅಲ್ಲ. ಪಕ್ಕದಿಂದ ಗಾಳಿ ನುಗ್ಗಿತು. ತಿರುಗಿ ನೋಡಿದರೆ ಬಾಗಿಲು ಹಾರುಹೊಡೆದಿತ್ತು, ಸೀಟು ಖಾಲಿ.

ಕಾರು ನಿಲ್ಲಿಸಿ ಹಿಂದಕ್ಕೆ ಓಡಿದೆ. ನರ್ಸಮ್ಮ ರಸ್ತೆಯಂಚಿನ ಹುಲ್ಲಿನ ಮೇಲೆ ಕೂತಿದ್ದರು. ಸೆರಗಿನ ಮಣ್ಣು ಕೊಡವುತ್ತಿದ್ದರು, ಬಲಗೈಯೊಂದರಿಂದಲೇ. ಎಡಗೈ ಮೊಣಕೈಯ ಕೆಳಗೆ ಸೊಟ್ಟಗಾಗಿತ್ತು.

"ಏನಾಗಿಲ್ಲ, ಗಾಬ್ರಿ ಆಗ್ಬೇಡಿ. ನಾನೇ ಬಾಗ್ಲು ಸರ್ಯಾಗ್ ಹಾಕ್ಕಂಡಿರ್ಲಿಲ್ವೇನೋ," ಅಂದರು.

"ನೀವು ಹಾಕಿದ್ರಿ. ನಾನೇ ನೋಡಿದ್ದೆ," ಅಂದೆ. ಬಸುರಿಯರ ಹೆಸರು ಬರೆಯುವ ದಪ್ಪ ರಿಜಿಸ್ಟರನ್ನೇ ಕೈಕೆಳಗೆ ಆನಿಸಿ ಬ್ಯಾಂಡೇಜು ಸುತ್ತಿದೆ. ಬಿಗಿಯಾಯಿತೇ ಎಂದು ಕೇಳಿದರೆ, "ಇನ್ನೊಂದ್ ಸುತ್ತು ಹಾಕಿ, ಸಡ್ಲ ಐತೆ," ಎಂದು ನನಗೇ ಹೇಳಿಕೊಟ್ಟರು. ಹಿಂದಿನ ಸೀಟಿನಲ್ಲಿ ಮಲಗಿಸಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಮೂಳೆ ಮುರಿದಿದ್ದವು.

ಅವರು ರಜೆಯಲ್ಲಿದ್ದಾಗ, ಕಾರು ತಂದಿದ್ದ ಬೆಂಗಳೂರಿನ ಡೀಲರನ ಬಳಿಗೆ ಹೋದೆ. ಕೌಂಟರಿನಲ್ಲಿದ್ದವನು ಎದ್ದು ಬಂದು ಬಾಗಿಲನ್ನು ಎರಡು ಸಲ ತೆಗೆದು ಹಾಕಿದ.

"ಚೆನ್ನಾಗೇ ಇದೆಯಲ್ಲ ಮೇಡಂ. ಇಂಥ ಕಂಪ್ಲೇಂಟು ನಿಮ್ಮದೊಂದೇ. ಲೇಡೀಸ್ ಬಾಗಿಲು ಮೆತ್ತಗೆ ಹಾಕ್ತಾರೆ, ಅದಕ್ಕೇ ಕೂತಿರಲ್ಲ," ಅಂದ.

ಅವನು ಹೇಳಿದ್ದನ್ನು ನಾನು ಅರ್ಧ ನಂಬಿದೆ. ಅದೇ ಈಗಲೂ ನಾಚಿಕೆಯ ವಿಷಯ.

ಅದಾಗಿ ಮೂರು ವಾರಕ್ಕೆ ಕಂಪನಿಯಿಂದ ಒಂದು ಕಾಗದ ಬಂತು. ಸೈಕ್ಲೋಸ್ಟೈಲ್ ಮಾಡಿದ ಕಾಗದ, ಮೇಲೆ ನನ್ನ ಹೆಸರು ಮತ್ತು ಕಾರಿನ ನಂಬರು ಮಾತ್ರ ಕೈಬರಹ. ಕೆಲವು ಕಾರುಗಳ ಎಡ ಬಾಗಿಲಿನ ಲಾಕು ಸರಿಯಿಲ್ಲವೆಂದು ಗೊತ್ತಾಗಿದೆ, ಡೀಲರ ಬಳಿ ತಂದರೆ ಖರ್ಚಿಲ್ಲದೆ ಬದಲಾಯಿಸಿಕೊಡಲಾಗುವುದು, ಅಲ್ಲಿಯವರೆಗೆ ಮುಂದಿನ ಎಡ ಸೀಟಿನಲ್ಲಿ ಯಾರನ್ನೂ ಕೂರಿಸಬಾರದು ಎಂದಿತ್ತು. ನಾನು ತಾರೀಖು ನೋಡಿದೆ. ನರ್ಸಮ್ಮ ಬಿದ್ದದ್ದಕ್ಕಿಂತ ಐದು ವಾರ ಹಿಂದಿನದು. ಲಕೋಟೆಯ ಮೇಲಿದ್ದದ್ದು ಕಂಪನಿಯ ಊರಿನದಲ್ಲ, ಡೀಲರನಿದ್ದ ಬೆಂಗಳೂರಿನ ಅಂಚೆ ಮುದ್ರೆ, ಅದೂ ಮೊನ್ನೆಯದು. ಡೀಲರನ ಮೇಜಿನ ಮೇಲೆ ಅದು ಎರಡು ತಿಂಗಳು ಬಿದ್ದಿತ್ತು. ನಾನು ಕೌಂಟರಿನ ಮುಂದೆ ನಿಂತು ದೂರು ಹೇಳಿದ ದಿನವೂ ಅಲ್ಲೇ ಇತ್ತು.

ಮರುದಿನವೇ ಕಾಗದ ಹಿಡಿದು ಹೋದೆ.

"ಪಾರ್ಟ್ ಬಂದಿಲ್ಲ ಮೇಡಂ. ಬಂದ ತಕ್ಷಣ ಕಾರ್ಡ್ ಹಾಕ್ತೀವಿ," ಅಂದ ಅದೇ ಮನುಷ್ಯ.

"ಯಾವಾಗ ಬರುತ್ತೆ?"

"ಮುಂದಿನ ತಿಂಗಳು."

ಮುಂದಿನ ತಿಂಗಳು ಅದೇ ಉತ್ತರ. ಅದರ ಮುಂದಿನ ತಿಂಗಳು ಲಾಕುಗಳು ಬಂದಿದ್ದವು, ಆದರೆ ಬಲಗಡೆಯ ಬಾಗಿಲಿನವು. ನಾನು ಕಂಪನಿಗೆ ಕಾಗದ ಬರೆದೆ. ಉತ್ತರವಾಗಿ ಮೊದಲಿನ ಸೈಕ್ಲೋಸ್ಟೈಲ್ ಕಾಗದದ ಇನ್ನೊಂದು ಪ್ರತಿ ಬಂತು.

ಎರಡೂವರೆ ತಿಂಗಳ ನಂತರ ನರ್ಸಮ್ಮ ಕೆಲಸಕ್ಕೆ ಬಂದರು. ಬುಧವಾರ ಕಾರಿನ ಬಳಿ ಬಂದು ಮುಂದಿನ ಬಾಗಿಲಿಗೇ ಕೈ ಹಾಕಿದರು. ನಾನು ತಡೆದೆ. ಆ ಬಾಗಿಲನ್ನು ಸೀಟಿನ ಕಾಲಿಗೆ ಹಗ್ಗದಿಂದ ಕಟ್ಟಿಬಿಟ್ಟಿದ್ದೆ.

"ಹಿಂದೆ ಕೂತ್ಕೊಳ್ಳಿ ನರ್ಸಮ್ಮ. ಲಾಕ್ ಹಾಕಿಸೋವರೆಗೆ ಅಷ್ಟೇ."

ಅವರು ಹಿಂದೆ ಕೂತರು. ಎಂಜಿನಿನ ಸದ್ದಿನಲ್ಲಿ ಹಿಂದಿನ ಮಾತು ನನಗೆ ಕೇಳುತ್ತಿರಲಿಲ್ಲ. "ಏನಂದ್ರಿ?" ಎಂದು ಎರಡು ಮೂರು ಸಲ ಕೇಳಿದರೆ, "ಏನಿಲ್ಲ ಬಿಡಿ, ದಾರಿ ನೋಡ್ಕಳಿ," ಅನ್ನುತ್ತಿದ್ದರು. ನಾಲ್ಕನೆಯ ವಾರಕ್ಕೆ ಮಾತೇ ನಿಂತಿತು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು, ಕಿಟಕಿಯ ಕಡೆಗೆ ತಿರುಗಿದ್ದು.

ಒಂದು ದಿನ ಬಸ್ ಸ್ಟ್ಯಾಂಡಿನ ಮುಂದೆ ಕಾರು ನಿಧಾನವಾದಾಗ ಬೀಡಾ ಅಂಗಡಿಯವನು ಎಲ್ಲರಿಗೂ ಕೇಳುವಂತೆ ಕೂಗಿದ. "ಏನ್ ನರ್ಸಮ್ಮೋರೆ, ಡಾಕ್ಟ್ರಮ್ಮನ್ನೇ ಡ್ರೈವರ್ ಮಾಡ್ಕಂಡ್ಬಿಟ್ರಾ?"

ನಿಂತಿದ್ದವರು ನಕ್ಕರು. ನಾನೂ ನಕ್ಕೆ. ನರ್ಸಮ್ಮ ನಗಲಿಲ್ಲ. ಮುಂದಿನ ಬುಧವಾರ ಔಷಧದ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು, ತಮ್ಮ ಚೀಲ ಹಿಡಿದು ಹೊರಗೇ ನಿಂತರು.

"ನಾನು ಬಸ್ಸಲ್ ಬಂದ್ಬಿಡ್ತೀನಿ ಡಾಕ್ಟ್ರಮ್ಮ."

"ಯಾಕೆ? ಆ ಅಂಗಡಿಯವನ ಮಾತಿಗಾ? ಬಿಡಿ ಅದನ್ನ."

"ನೀವ್ ಬಿಡಬಹುದು. ನಾನು ಈ ಊರ್ನಲ್ಲಿ ಹನ್ನೆಲ್ಡು ವರ್ಷದಿಂದ ಕೆಲ್ಸ ಮಾಡ್ತಾ ಇದೀನಿ. ದೊಡ್ಡೋರು ಮುಂದ್ ಕೂತು ಗಾಡಿ ಓಡ್ಸೋದು, ನಾನು ಹಿಂದ್ ಕಾಲ್ ಚಾಚ್ಕಂಡು ಹೋಗೋದು, ಸರಿ ಹೋಗಲ್ಲ ಕಣಮ್ಮ."

ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ಬಿದ್ದದ್ದರ ಭಯ ಇನ್ನೂ ಇದೆಯೇನೋ, ಹೇಳಲಾರದೆ ಅಂಗಡಿಯವನ ನೆಪ ಹೇಳುತ್ತಿದ್ದಾರೇನೋ ಅನ್ನಿಸಿತು. ಅದನ್ನು ಕೇಳಲು ಬಾಯಿ ಬರಲಿಲ್ಲ.

ಅಂದಿನಿಂದ ಅವರು ಬಸ್ಸಿನಲ್ಲಿ, ನಾನು ಕಾರಿನಲ್ಲಿ. ಇಬ್ಬರೂ ಒಂದೇ ಹಳ್ಳಿಗೆ, ಒಂದೇ ಹೊತ್ತಿಗೆ. ಎಷ್ಟೋ ಸಲ ದಾರಿಯಲ್ಲಿ ಅವರ ಬಸ್ಸು ಸಿಗುತ್ತಿತ್ತು. ಹಿಂದೆ ಹಾಕುವಾಗ ಕಿಟಕಿಯಲ್ಲಿ ಅವರನ್ನು ಹುಡುಕುತ್ತಿದ್ದೆ. ಒಂದು ಸಲ ಕಣ್ಣಿಗೆ ಕಣ್ಣು ಕೂಡಿತು. ಅವರು ಪಕ್ಕದಲ್ಲಿದ್ದ ಹೆಂಗಸಿನ ಕಡೆ ತಿರುಗಿ ಏನೋ ಹೇಳತೊಡಗಿದರು. ಆ ಹೆಂಗಸು ನಗುತ್ತಿದ್ದಳು. ಏನು ಹೇಳಿದರೋ ಎಂದು ಆ ದಿನವೆಲ್ಲ ಯೋಚಿಸಿದೆ. ಬಸ್ಸು ತಪ್ಪಿದ ದಿನ ಅವರು ಬರುವಷ್ಟರಲ್ಲಿ ನಾನೊಬ್ಬಳೇ ಅರ್ಧ ಜನರನ್ನು ನೋಡಿ ಮುಗಿಸಿರುತ್ತಿದ್ದೆ. "ತಡ ಆಯ್ತು," ಅನ್ನುತ್ತಿದ್ದರು. "ಪರವಾಗಿಲ್ಲ," ಅನ್ನುತ್ತಿದ್ದೆ.

ಡೀಲರನ ವರ್ಕ್‌ಶಾಪಿನ ಬೆಂಚಿನ ಮೇಲೆ ಒಂದು ದಿನ ನೆಲಮಂಗಲದವರೊಬ್ಬರು ಸಿಕ್ಕರು. ಅಕ್ಕಿ ಗಿರಣಿಯ ಮಾಲೀಕರು, ಬಿಳಿ ಪಂಚೆ, ಕೈಯಲ್ಲಿ ಮಡಿಚಿದ ಕಾಗದ. ಆ ಸೈಕ್ಲೋಸ್ಟೈಲ್ ಅಕ್ಷರ ದೂರದಿಂದಲೇ ಗುರುತಾಯಿತು.

"ನಿಮ್ಮದೂ ಎಡಗಡೆ ಬಾಗಿಲಾ?" ಎಂದು ಕೇಳಿದೆ.

ಅವರು ನನ್ನನ್ನೇ ನೋಡಿದರು. "ನಿಮ್ದೂವೆ? ನಂದೊಂದೇ ಕಾರು ಅಂದನಲ್ಲಮ್ಮಾ ಇವ್ನು!"

"ನನಗೂ ಹಾಗೇ ಹೇಳಿದ."

"ನಮ್ಮನೆಯೋಳು ಮಗೀನ ಎತ್ಕಂಡು ಕೂತಿದ್ಲು. ಬಾಗ್ಲು ತಕ್ಕಂತು. ದೇವ್ರು ದೊಡ್ಡೋನು, ಬೀಳ್ಲಿಲ್ಲ. ಆಮ್ಯಾಕೆ ಅವ್ಳು ಈ ಕಾರ್ ಹತ್ತಿಲ್ಲ. ನಾನೊಬ್ನೇ ಓಡಾಡ್ತೀನಿ, ದೆವ್ವದಂಗೆ."

ಅವರು ಆ ಮಾತು ಹೇಳಿದಾಗ ನನಗೆ ಅಳು ಬಂದಂತಾಯಿತು. ಬೆಂಚಿನ ಮೇಲೆ ಇನ್ನೂ ಒಬ್ಬರಿದ್ದರು, ಒಬ್ಬ ಕಾಲೇಜು ಮೇಷ್ಟ್ರು. ಅವರೂ ಜೇಬಿನಿಂದ ಅದೇ ಕಾಗದ ತೆಗೆದರು. ಮೂವರೂ ಒಟ್ಟಿಗೆ ಎದ್ದು, ಕೌಂಟರಿನವನು ಬೇಡವೆಂದರೂ ಕೇಳದೆ, ಮ್ಯಾನೇಜರನ ಕೋಣೆಗೆ ನುಗ್ಗಿದೆವು. ಮ್ಯಾನೇಜರ್ ಕಾಫಿ ತರಿಸುತ್ತೇನೆ ಅಂದ.

"ಕಾಫಿ ಬ್ಯಾಡ ಸ್ವಾಮಿ. ಲಾಕ್ ಕೊಡಿ," ಅಂದರು ಗಿರಣಿಯವರು.

ನಾನು ಪ್ರತಿ ಸಲವೂ ಜೊತೆಗೆ ತರುತ್ತಿದ್ದ ನರ್ಸಮ್ಮನ ಕೈಯ ಎಕ್ಸ್‌ರೇ ಫಿಲ್ಮನ್ನು ಅವನ ಮೇಜಿನ ಮೇಲಿಟ್ಟೆ. ಕಾಗದದ ತಾರೀಖನ್ನೂ ತೋರಿಸಿದೆ. ಅವನು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮೂಳೆಯ ಬಗ್ಗೆ ಅವನಿಗೆ ಏನು ತಿಳಿಯಿತೋ ಗೊತ್ತಿಲ್ಲ. ನಮ್ಮೆದುರೇ ಕಂಪನಿಗೆ ಟ್ರಂಕ್ ಕಾಲ್ ಬುಕ್ ಮಾಡಿದ. ಐದು ವಾರಕ್ಕೆ ಕಾರ್ಡು ಬಂತು, ಪಾರ್ಟ್ ಬಂದಿದೆ ಎಂದು. ಕಾರು ತೆಗೆದುಕೊಂಡು ಹೋದೆ, ಮೆಕ್ಯಾನಿಕ್ ಕೆಲಸ ಶುರುಮಾಡಿದ. ನಾನು ಒಂದು ಲೋಟ ಟೀ ಕುಡಿದು ಮುಗಿಸುವಷ್ಟರಲ್ಲಿ ಲಾಕು ಬದಲಾಗಿತ್ತು. ಹನ್ನೊಂದು ತಿಂಗಳು ಕಾದದ್ದು ಅದಕ್ಕೆ.

ಆದರೆ ಆ ಕಾರ್ಡು ಬರುವ ಎರಡು ವಾರ ಮೊದಲು ನರ್ಸಮ್ಮನಿಗೆ ವರ್ಗವಾಗಿತ್ತು. ಅವರೇ ಕೇಳಿಕೊಂಡದ್ದು, ಹೊಸಕೋಟೆಗೆ. ತಮ್ಮನ ಹೆಂಡತಿಗೆ ಹುಷಾರಿರಲಿಲ್ಲ, ಮಕ್ಕಳನ್ನು ನೋಡಿಕೊಳ್ಳಬೇಕು ಅಂದರು. ಅದು ನಿಜವೇ. ಹೊರಡುವ ದಿನ ನಾನು ಕಾರಿನಲ್ಲಿ ಬಿಟ್ಟು ಬರುತ್ತೇನೆ ಅಂದೆ. "ಟ್ರಂಕು, ಹಾಸಿಗೆ ಎಲ್ಲ ಐತೆ, ತಮ್ಮ ಗಾಡಿ ತತ್ತಾನೆ," ಅಂದರು. ಅವರ ತಮ್ಮ ಎತ್ತಿನ ಗಾಡಿಯನ್ನೇ ತಂದಿದ್ದ. ಆಸ್ಪತ್ರೆಯವರೆಲ್ಲ ಗೇಟಿನವರೆಗೆ ಹೋದೆವು. ಆಯಾಗಳು ಅತ್ತರು. ನನಗೆ ನಮಸ್ಕಾರ ಮಾಡಿ, "ಊಟ ಸರ್ಯಾಗ್ ಮಾಡಿ," ಅಂದರು.

ಲಾಕು ಹಾಕಿಸಿದ ಮುಂದಿನ ಭಾನುವಾರ ನಾನು ಹೊಸಕೋಟೆಗೆ ಹೋದೆ. ಅಲ್ಲಿಯ ಆಸ್ಪತ್ರೆಯಲ್ಲಿ ಅವರು ಡ್ಯೂಟಿಯಲ್ಲಿದ್ದರು. ನನ್ನನ್ನು ಕಂಡು ಓಡಿ ಬಂದು ಎರಡೂ ಕೈ ಹಿಡಿದುಕೊಂಡರು. ಎಡಗೈ ಪೂರ್ತಿ ತಿರುಗುತ್ತಿರಲಿಲ್ಲ, ಅದು ನನ್ನ ಕೈಗೆ ತಿಳಿಯಿತು. ಹೊರಗೆ ಬಂದು ಕಾರಿನ ಬಾಗಿಲನ್ನು ತಾವೇ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು.

"ಈಗ ಗಟ್ಟಿ ಆಗೈತೆ."

"ಬನ್ನಿ, ಕೆರೆ ಏರಿ ತನಕ ಹೋಗಿ ಬರೋಣ."

ಅವರು ಆಸ್ಪತ್ರೆಯ ಕಡೆ ನೋಡಿದರು. "ಒಳಗೆ ಒಬ್ಳಿಗೆ ನೋವು ಶುರುವಾಗೈತೆ. ಇನ್ನೊಂದಿನ ಬರ್ತೀನಿ."

ಕಾಯುತ್ತೇನೆ ಅನ್ನಬಹುದಿತ್ತು. ಆದರೆ ಹೆರಿಗೆಗೆ ಕಾಯುವುದು ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಪಕ್ಕದ ಹೋಟೆಲಿನಿಂದ ಕಾಫಿ ತರಿಸಿ ಕೊಟ್ಟರು. ನಿಂತೇ ಕುಡಿದೆವು. ತಮ್ಮ ಜಾಗಕ್ಕೆ ಬಂದಿರುವ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಚುರುಕಾಗಿದ್ದಾಳೆ, ಹಳ್ಳಿಗೆ ಜೀಪಿನಲ್ಲೇ ಬರುತ್ತಾಳೆ, ಜೀಪು ಈಗ ರಿಪೇರಿಯಾಗಿದೆ ಎಂದೆ. ಒಳಗಿನಿಂದ ಯಾರೋ ಕೂಗಿದರು. ಅವರು ಹೋದರು.

ದೇವನಹಳ್ಳಿಯ ಮೇಲೆ ಹಿಂದಿರುಗಿದೆ. ದೊಡ್ಡಬಳ್ಳಾಪುರ ಇನ್ನೇನು ಸಿಗಬೇಕು ಅನ್ನುವಾಗ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆರಿಸಿ ಕಾದೆ. ಗೇಟಿನವನು ಹತ್ತಿರ ಬಂದು, ಕಿಟಕಿಯಲ್ಲಿ ಬಗ್ಗಿ, ಕಾರಿನ ಒಳಗೆಲ್ಲ ನೋಡಿದ.

"ಯಾರತ್ರ ಮಾತಾಡ್ತಾ ಇದೀರಿ ಅಮ್ಮಾವ್ರೆ?"

ನಾನು ಮಾತಾಡುತ್ತಿದ್ದೆ ಎಂದು ಗೊತ್ತಾದದ್ದೇ ಆಗ. ಏನು ಹೇಳುತ್ತಿದ್ದೆನೋ ನೆನಪಿಲ್ಲ. "ಯಾರೂ ಇಲ್ಲಪ್ಪ," ಅಂದೆ. ರೈಲು ದಾಟಿತು, ಅವನು ಗೇಟು ತೆಗೆಯಲು ಹೋದ.