ಪೆಟ್ರೋಲ್ ಮುಚ್ಚಳದ ಕುಂಕುಮ

ಮಾನ್ಯ ಓದುಗರೆ, ಮೊದಲ ಬಾರಿಗೆ ಬರೆಯುತ್ತಿರುವುದರಿಂದ ಲೋಪದೋಷಗಳನ್ನು ಮನ್ನಿಸಬೇಕೆಂದು ವಿನಂತಿಸಿ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಈ ದಿನ ಬೆಳಿಗ್ಗೆ ಆಯುಧಪೂಜೆಯ ನಿಮಿತ್ತ ನನ್ನ ಹೆಂಡತಿ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ನಮ್ಮ ಹಳೆಯ ಬಿಳಿ ಕಾರಿನ ಬಳಿ ಬಂದಳು. ಆ ವಾಸನೆಗೆ ಪೆಟ್ರೋಲಿನ ವಾಸನೆ ಕೂಡಿದ್ದೇ ತಡ, ಶಹಾಪುರದ ಮೆಕ್ಯಾನಿಕ್ ಮಸ್ತಾನ್ ನೆನಪಾದ.

ಕಾರು ನನಗಿಂತ ಎರಡು ವರ್ಷ ಹಿರಿಯದು. ಹಿರಿತನಕ್ಕೆ ತಕ್ಕಂತೆ ಯಾರ ಮಾತನ್ನೂ ಕೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಅದಕ್ಕೊಂದು ರೋಗ ಬಂತು. ಶಹಾಪುರದಿಂದ ಸುರಪುರದ ನಮ್ಮ ಮನೆಗೆ ಹೊರಟರೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿ, ಬಿಕ್ಕಳಿಸಿ, ನಿಲ್ಲುವುದು. ಅರ್ಧ ಗಂಟೆಯ ನಂತರ, ಊಟದ ವಿರಾಮ ಮುಗಿಸಿದ ಗುಮಾಸ್ತನಂತೆ, ತಾನಾಗಿಯೇ ಕರ್ತವ್ಯಕ್ಕೆ ಹಾಜರಾಗುವುದು. ನಾನೂ ಬದುಕಿಡೀ ಗುಮಾಸ್ತನೇ ಆಗಿದ್ದರಿಂದ ಈ ನಡವಳಿಕೆ ಅಪರಿಚಿತವೆನಿಸಲಿಲ್ಲ.

ಮಸ್ತಾನ್ ಪಂಪ್ ಬದಲಿಸಿದ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಪೆಟ್ರೋಲ್ ಹರಿಯುವ ಪೈಪನ್ನು ಊದಿದ. ಪ್ರತಿ ಸಲವೂ ಟ್ಯಾಂಕಿಗೆ ಒಂದಿಷ್ಟು ಪೆಟ್ರೋಲ್ ಸುರಿದು ಚಾಲೂ ಮಾಡಿದರೆ, ಅವನ ಅಂಗಳದಲ್ಲಿ ಕಾರು ಬಲು ವಿನಯದಿಂದ ಗುನುಗುತ್ತಿತ್ತು. ಮೂರನೆಯ ಸಲವೂ ದಾರಿಯಲ್ಲಿ ನಿಂತಾಗ, ನನಗೆ ಗೊತ್ತಿದ್ದ ಒಂದೇ ರಿಪೇರಿಯನ್ನು ಕೈಗೊಂಡೆ: ಮಸ್ತಾನನಿಗೆ ಕಾರಣ ಕೇಳುವ ನೋಟಿಸು ಬರೆದೆ. ‘ತಮ್ಮ ಕೆಲಸವು ತೃಪ್ತಿಕರವಾಗಿರುವುದಿಲ್ಲ.’ ಪ್ರತಿಯಿಲ್ಲದ ಪತ್ರ ಪತ್ರವೇ ಅಲ್ಲವೆಂಬ ನಂಬಿಕೆಯಿಂದ, ಗ್ಯಾರೇಜಿನ ಎದುರಿನ ಚಹಾ ಹೋಟೆಲಿಗೂ ‘ಮಾಹಿತಿಗಾಗಿ’ ಒಂದು ಪ್ರತಿ ಕೊಟ್ಟೆ. ಅವರು ಗೋಡೆಗೆ ಅಂಟಿಸಿದರು. ಸ್ವಲ್ಪ ದಿನಗಳಲ್ಲೇ ಮಸ್ತಾನನ ಅಂಗಳ ಖಾಲಿಯಾಯಿತು.

ಅವನು ಉತ್ತರ ಬರೆಯಲಿಲ್ಲ. ನೋಟಿಸನ್ನು ಜೇಬಿನಲ್ಲಿಟ್ಟುಕೊಂಡು ಬಂದು ಕಾರಿನಲ್ಲಿ ಕುಳಿತ.

“ನಡ್ರಿ ಸಾಹೇಬ್ರ, ಎಲ್ಲಿ ನಿಂದರ್ತದ ನೋಡೂಣು.”

ಕಾರು ಎಂದಿನ ಜಾಗದಲ್ಲೇ ನಿಂತಿತು. ಮಸ್ತಾನ್ ಬಾನೆಟ್ ಮುಟ್ಟದೆ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಟ್ಯಾಂಕು ಸುಂಯ್ ಎಂದು ಗಾಳಿ ಒಳಗೆಳೆದುಕೊಂಡಿತು. ಮುಚ್ಚಳದ ಮೇಲೆ ನಾನು ವರ್ಷವರ್ಷವೂ ಭಕ್ತಿಯಿಂದ ಮೆತ್ತಿದ ಕುಂಕುಮ ಕಲ್ಲಿನಂತೆ ಕೂತಿತ್ತು. ಅದನ್ನು ಸೂಜಿಯಿಂದ ಕೆರೆದ.

“ಇಲ್ಲೊಂದು ತೂತು ಅದ ನೋಡ್ರಿ. ಪೆಟ್ರೋಲ್ ಕಡಿಮಿ ಆದಂಗ ಇದ್ರಾಗಿಂದ ಗಾಳಿ ಒಳಗ ಹೋಗಬೇಕು, ಇಲ್ಲಂದ್ರ ಪೆಟ್ರೋಲ್ ಹೊರಗ ಬರಂಗಿಲ್ಲ. ನೀವು ಪೂಜಿ ಮಾಡಿ ಮಾಡಿ ಅದರ ಮೂಗೇ ಮುಚ್ಚೀರಿ.”

ಕಾರು ಸುರಪುರದವರೆಗೆ ನಿಲ್ಲದೆ ಓಡಿತು. ನೋಟಿಸು ಹಿಂಪಡೆಯುವ ಪತ್ರವನ್ನು ಕೂಡಲೇ ಬರೆಯುತ್ತೇನೆ ಎಂದೆ.

“ನಿಮ್ಮ ಕಾಗದ ಸಾಕ್ರಿ. ಹೋಟೆಲ್‌ದಾಗ ನಿಂತು ಬಾಯಿಲೆ ಹೇಳ್ರಿ, ಮಸ್ತಾನಂದು ಕಸೂರ್ ಇಲ್ಲಂತ.”

ಮರುದಿನ ಹೋದೆ. ಚಹಾ ಕುಡಿದೆ. ಗೋಡೆಯ ಮೇಲಿನ ನನ್ನ ಸಹಿಯನ್ನು ನೋಡಿದೆ. ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂದು ನನಗೆ ನಾನೇ ಭರವಸೆ ಕೊಟ್ಟು ಎದ್ದು ಬಂದೆ. ಆ ಕಡತ ಇಂದಿಗೂ ಬಾಕಿ ಇದೆ. ಮಸ್ತಾನನೂ ಅಲ್ಲೇ ಇದ್ದಾನೆ. ಈಗ ಸೈಕಲ್ಲಿನ ಪಂಕ್ಚರ್ ಹಾಕುತ್ತಾನೆ.

“ಮುಚ್ಚಳಕ್ಕ ಹಚ್ಚಲೇನ್ರಿ?” ಎಂದಳು ಹೆಂಡತಿ.

“ಬ್ಯಾಡ. ಬಾನೆಟ್ಟಿಗಿ ಹಚ್ಚು. ಶಹಾಪುರಕ್ಕ ಹೋಗಿ ಚಹಾ ಕುಡದು ಬರ್ತೀನಿ.”

“ಹಬ್ಬದ ದಿನ? ಮನ್ಯಾಗ ಇಲ್ಲದ್ದು ಆ ಚಹಾದಾಗ ಏನದ?”

ಅದಕ್ಕೆ ಉತ್ತರವಾಗಿ ಇಷ್ಟನ್ನು ಬರೆದೆ. ಇದರದೇ ಒಂದು ಪ್ರತಿಯನ್ನು ಹೋಟೆಲಿಗೆ ಕೊಟ್ಟು ಬಂದರೆ ಸಾಲದೇ ಎಂದು ಒಂದು ಕ್ಷಣ ಅನ್ನಿಸಿತು. ಆದಕಾರಣ ಈ ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು ಹೊರಡುತ್ತಿದ್ದೇನೆ.