ಕನ್ನಡಕದ ಮೇಲಿನ ಉಸಿರು

ನಮ್ಮನೆಯವರದು ಕನ್ನಡಕದ ಅಂಗಡಿ. ಅಂಗಡಿಯೆಂದರೆ ಇಬ್ಬರು ಒಳಗೆ ಬಂದರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕಾದಷ್ಟು ಜಾಗ, ಒಂದು ಗಾಜಿನ ಪೆಟ್ಟಿಗೆ, ಗೋಡೆಯಲ್ಲಿ ಕನ್ನಡಿ, ಅಕ್ಷರಗಳು ಕೆಳಕೆಳಗೆ ಸಣ್ಣದಾಗುತ್ತ ಹೋಗುವ ಒಂದು ಹಲಗೆ. ಯಾರ ಕನ್ನಡಕ ಕೈಗೆ ಬಂದರೂ ಅವರು ಮೊದಲು ಮಾಡುವುದು ಒಂದೇ ಕೆಲಸ. ಬಾಯಿಯ ಹತ್ತಿರ ಹಿಡಿದು "ಹಾ" ಎಂದು ಉಸಿರು ಬಿಟ್ಟು, ಮಂಜು ಹಿಡಿದ ಗಾಜನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ತಾವೇ ಗಿರಾಕಿಯ ಕಿವಿಗೆ ಸಿಕ್ಕಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾರೆ. "ಒರೆಸೋಕೆ ಒಂದು ಸ್ಪ್ರೇ ಇಟ್ಕೋಬಾರ್ದೇನ್ರೀ, ಅಸಹ್ಯ" ಎಂದು ಮದುವೆಯಾದಾಗಿನಿಂದ ಬೈದಿದ್ದೇನೆ. "ಉಸಿರಿಗಿಂತ ಮೆತ್ತಗಿನ ನೀರು ಯಾವುದಿದೆ ಹೇಳೇ?" ಎನ್ನುತ್ತಾರೆ. ಹೆಂಡತಿಯ ಮಾತು ಕೇಳುವ ಜಾಯಮಾನವೇ ಅಲ್ಲ.

ಒಂದು ದಿನ ಆ "ಹಾ" ನಿಂತುಹೋಯಿತು. ಕನ್ನಡಕವನ್ನು ಬಾಯಿಯ ಹತ್ತಿರ ಒಯ್ದವರು ಮುಖ ಕಿವುಚಿ ಕೆಳಗಿಟ್ಟರು. ಬಾಯಿಯೊಳಗೆ ಹುಣ್ಣು. ಅವಸರದಲ್ಲಿ ಬಿಸಿ ಬಿಸಿ ಏನನ್ನೋ ಕುಡಿದಿರಬೇಕು ಎಂದುಕೊಂಡೆವು. ಅದು ಮಾಯುವ ಹೊತ್ತಿಗೆ ಇನ್ನೊಂದು ಎದ್ದಿತು. ಆಮೇಲೆ ಬೆನ್ನ ತುಂಬ ನೀರುಗುಳ್ಳೆ. ಒಂದು ಸಂಜೆ ಅವರ ಅಂಗಿ ಬಿಚ್ಚಲು ನೆರವಿಗೆ ಹೋದೆ. ಅಂಗಿಯ ಜೊತೆ ಚರ್ಮವೂ ಎದ್ದು ಬಂತು. ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ.

ಗಿರಾಕಿಗಳು ಅವರ ತುಟಿ ನೋಡಿ ಒಬ್ಬೊಬ್ಬರಾಗಿ ಜಾರಿಕೊಂಡರು. ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು ದಿನಾ ಬಂದು ಹರಟೆ ಹೊಡೆಯುತ್ತಿದ್ದವರು. ಅವರ ಕನ್ನಡಕದ ಕಡ್ಡಿ ಮುರಿದಿತ್ತು. ಅದಕ್ಕೆ ದಾರ ಕಟ್ಟಿಕೊಂಡು, ಅಂಗಡಿಯ ಕಡೆ ನೋಡದೆ ದಾಟಿ ಹೋದರು. ಇದು ಅಂಟುವ ರೋಗವಲ್ಲ ಎಂದು ಬೀದಿಯಲ್ಲಿ ನಿಂತು ಕೂಗಿಬಿಡಬೇಕೆನ್ನಿಸುವಷ್ಟು ಸಿಟ್ಟು ಬಂದಿತ್ತು ನನಗೆ.

ಚರ್ಮದ ಡಾಕ್ಟರಮ್ಮ ಮೆಲ್ಲಗೆ ಮಾತನಾಡುವ ಹೆಂಗಸು. ಮೆಲ್ಲಗೆ ಮಾತನಾಡುವ ಡಾಕ್ಟರರನ್ನು ಕಂಡರೆ ನನಗೆ ಎದೆ ಇನ್ನೂ ಹೆಚ್ಚು ಹೊಡೆದುಕೊಳ್ಳುತ್ತದೆ.

"ನಮ್ಮ ರಕ್ತದಲ್ಲಿ ಬಿ ಕೋಶ ಅಂತ ಒಂದು ಥರದ ಬಿಳಿ ಕಣ ಇರುತ್ತಮ್ಮ," ಎಂದರು. "ಮೂಳೆಯೊಳಗಿನ ಮಜ್ಜೇಲಿ ಹುಟ್ಟುತ್ತೆ. ಒಂದೊಂದಕ್ಕೆ ಒಂದೊಂದೇ ಶತ್ರುವನ್ನ ಗುರುತು ಹಿಡಿಯೋಕೆ ಬರೋದು. ಯಾವುದಕ್ಕೆ ಯಾವ ಗುರುತು ಅನ್ನೋದು ಚೀಟಿ ಎತ್ತಿದ ಹಾಗೆ. ಹಾಗಾಗಿ ಕೆಲವು ನಮ್ಮ ಮೈಯನ್ನೇ ಶತ್ರು ಅಂದ್ಕೊಂಡು ಹುಟ್ಟುತ್ವೆ. ಅಂಥವನ್ನ ಮಜ್ಜೇಲೇ ಪರೀಕ್ಷೆ ಮಾಡಿ ದೇಹ ಮುಗಿಸಿಬಿಡುತ್ತೆ. ಯಾವುದೋ ಒಂದು ತಪ್ಪಿಸ್ಕೊಂಡು ಹೊರಗೆ ಬರುತ್ತೆ."

"ಬಂದ್ರೆ?"

"ತನ್ನ ಶತ್ರು ಸಿಕ್ತು ಅಂದ್ಕೊಂಡ ಕೂಡ್ಲೇ ಒಂದಿದ್ದದ್ದು ಸಾವಿರ ಆಗುತ್ತೆ. ಪ್ರತಿಕಾಯ ಅನ್ನೋದನ್ನ ರಕ್ತಕ್ಕೆ ಸುರಿಯೋಕೆ ಶುರು ಮಾಡುತ್ತೆ. ರೋಗಾಣು ಮೇಲೆ ಸುರಿದ್ರೆ ನಾವು ಬದುಕ್ತೀವಿ. ಇವರಲ್ಲಿ ಚರ್ಮದ ಪದರಗಳನ್ನ ಅಂಟಿಸಿ ಹಿಡಿದಿರೋ ಗೋಂದಿನ ಮೇಲೆ ಸುರೀತಿದೆ."

ನಮ್ಮನೆಯವರು ತುಟಿ ಅಲ್ಲಾಡಿಸದೆ ಹೇಳಿದರು: "ಅಂದ್ರೆ ಕಾವಲುಗಾರ ತಪ್ಪು ಪವರಿನ ಕನ್ನಡಕ ಹಾಕ್ಕೊಂಡಿದಾನೆ."

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಡ್ರಿಪ್ಪಿನಲ್ಲಿ ಒಂದು ಔಷಧಿ ಹಾಕಿ ರಕ್ತದಲ್ಲಿರುವ ಬಿ ಕೋಶಗಳನ್ನೆಲ್ಲ ತೆಗೆದುಹಾಕುತ್ತೇವೆ ಎಂದರು. ಕೆಟ್ಟವನ್ನು ಮಾತ್ರ ಆರಿಸಿ ತೆಗೆಯಲಾಗದೇ ಎಂದು ಕೇಳಿದೆ. "ಔಷಧಿಗೆ ಅಷ್ಟು ಬುದ್ಧಿ ಇಲ್ಲಮ್ಮ. ಆದ್ರೆ ಮಜ್ಜೆಯೊಳಗಿನ ಮೂಲ ಕೋಶಗಳನ್ನ ಅದು ಮುಟ್ಟಲ್ಲ. ಕೆಲವು ತಿಂಗಳಾದ ಮೇಲೆ ಹೊಸವು ಹುಟ್ಟಿ ಬರುತ್ವೆ. ಅಲ್ಲಿವರೆಗೆ ಸೋಂಕು ತಗಲದ ಹಾಗೆ ನೋಡ್ಕೊಳ್ಳಿ." ಲಸಿಕೆಗಳನ್ನು ಮೊದಲೇ ಚುಚ್ಚಿದರು. ಲಸಿಕೆಯ ಪಾಠ ಕಲಿಯುವುದೂ ಈ ಕೋಶಗಳೇ ಅಂತೆ. ಅವು ಹೋದಮೇಲೆ ಕಲಿಯುವವರು ಯಾರು?

ಔಷಧಿ ಹೋದ ಮೇಲೆ ಮತ್ತೆ ರಕ್ತ ತೆಗೆದರು. ನರ್ಸ್ ಹಲ್ಲು ಕಿರಿಯುತ್ತ ಬಂದಳು. "ಬಿ ಕೋಶ ಸೊನ್ನೆ! ತುಂಬಾ ಒಳ್ಳೇದಾಯ್ತು." ಮನೆಗೆ ಬಾಗಿಲೇ ಇಲ್ಲ ಎಂದು ಹೇಳಿ ಸಂಭ್ರಮಪಡುವವರನ್ನು ನಾನು ಅಲ್ಲೇ ಮೊದಲು ಕಂಡದ್ದು.

ಹುಣ್ಣು ಒಣಗಿದವು ನಿಜ. ಅಂಗಡಿಯಲ್ಲಿ ಮತ್ತೆ "ಹಾ" ಕೇಳಿಸಿತು. ಮೊದಲು ಜನ ಇವರಿಗೆ ಹೆದರುತ್ತಿದ್ದರು. ಈಗ ನಾನು ಜನಕ್ಕೆ ಹೆದರತೊಡಗಿದೆ. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಸೀನಿದವರು, ಮೂಗು ಒರೆಸಿಕೊಂಡವರು, ಯಾರನ್ನೂ ಒಳಗೆ ಬಿಡಲಿಲ್ಲ. ಮೇಷ್ಟ್ರು ದಾರದ ಕನ್ನಡಕದೊಂದಿಗೆ ಬಂದು ಗಂಟಲು ಸರಿಮಾಡಿಕೊಂಡರು. "ಮೇಷ್ಟ್ರೇ, ಆವತ್ತು ದಾಟಿ ಹೋದ್ರಲ್ಲ, ಇವತ್ತೂ ಹಾಗೇ ದಾಟಿ ಹೋಗಿ" ಎಂದೆ. ಅವರ ಮುಖ ಸಪ್ಪಗಾಯಿತು. ಆಗಲಿ ಎಂದುಕೊಂಡೆ.

ರಿಪೇರಿಗೆ ಬಂದ ಕನ್ನಡಕಗಳನ್ನೂ ನಾನು ನಂಬಲಿಲ್ಲ. ಎಲ್ಲವನ್ನೂ ಮನೆಗೆ ಒಯ್ದು ಪಾತ್ರೆಯಲ್ಲಿ ಕುದಿಸಿದೆ. ಫ್ರೇಮುಗಳು ಸೊಟ್ಟಗಾದವು, ಗಾಜಿನ ಮೇಲಿನ ಲೇಪ ಬಿರಿಯಿತು. ನಮ್ಮನೆಯವರು ಒಂದನ್ನು ಎತ್ತಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ಹಾಕ್ಬೇಕಾದ್ರೆ ಗಿರಾಕಿಯ ಮೂಗನ್ನೂ ಕುದಿಸ್ಬೇಕು ಕಣೇ." ನನಗೆ ಅಳು ಬಂತು. ಅವರು ಫ್ರೇಮುಗಳನ್ನು ಸರಿಮಾಡಲು ಕೂತರು.

ಇಷ್ಟೆಲ್ಲ ಕಾವಲು ಕಾದ ಮೇಲೆ ಮನೆಯಲ್ಲಿ ಮೊದಲು ಕೆಮ್ಮಿದವಳು ನಾನೇ. ಕೆಮ್ಮಿದ ತಕ್ಷಣ ಹಿಂದಿನ ಕೋಣೆಗೆ ಓಡಿ ಅಗುಳಿ ಹಾಕಿಕೊಂಡೆ.

"ಬಾಗಿಲು ತೆಗಿಯೇ, ಗಂಜಿ ತಂದಿದೀನಿ."

"ಅಲ್ಲೇ ಇಟ್ಟು ಹೋಗ್ರೀ. ಹೋದ ಮೇಲೆ ತಗೋತೀನಿ."

"ನಿನ್ನ ನೋಡ್ದೆ ನಂಗೆ ಊಟ ಸೇರಲ್ಲ."

"ಇಷ್ಟು ವರ್ಷ ನೋಡಿದ್ದು ಸಾಕು, ಹೋಗಿ!"

ಅವರು ಹೋಗಲಿಲ್ಲ. ಬಾಗಿಲಿನ ಆಚೆ ಚಾಪೆ ಎಳೆದುಕೊಂಡು ಕೂತ ಸದ್ದು ಕೇಳಿಸಿತು. ಹೀಗೇ ಕೆಲವು ದಿನ ಕಳೆಯಿತು. ಒಂದು ಮಧ್ಯಾಹ್ನ ಕೆಮ್ಮು ಕೇಳಿಸಿತು. ಕೆಮ್ಮಿದ್ದು ನಾನಲ್ಲ.

ಆಸ್ಪತ್ರೆಯಲ್ಲಿ ಅವರ ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿದರು. ಅದರೊಳಗೆ ಉಸಿರಿನ ಮಂಜು ಬರುತ್ತಿತ್ತು, ಹೋಗುತ್ತಿತ್ತು. ಒಂದು ಸಲ ಹೋದದ್ದು ಬರಲು ತುಸು ತಡವಾದರೂ ನಾನು ಎದ್ದು ನಿಲ್ಲುತ್ತಿದ್ದೆ. ನನ್ನಿಂದಲೇ ಅಂಟಿತು, ಇವರು ಹೋದರೆ ನಾನು ಕಳಿಸಿದಂತೆಯೇ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಡಾಕ್ಟರಮ್ಮ ಬಂದು ಇನ್ನೊಂದು ಬಾಟಲಿ ತೂಗುಹಾಕಿಸಿದರು.

"ಇದೇನಮ್ಮ?"

"ಪ್ರತಿಕಾಯಗಳು. ಇವರ ಮೈಯಲ್ಲಿ ಕಡಿಮೆ ಆಗಿದೆಯಲ್ಲ. ಸಾವಿರಾರು ಜನ ಕೊಟ್ಟ ರಕ್ತದಿಂದ ತೆಗೆದದ್ದು."

ಸೀನಿ, ಕೆಮ್ಮಿ, ಜ್ವರ ಬಂದು ಮಲಗಿ, ಎದ್ದು ಓಡಾಡಿದ ಸಾವಿರಾರು ಜನ. ಅಂಗಡಿಯ ಬಾಗಿಲಿಂದ ನಾನು ಅಟ್ಟಿದ್ದು ಇಂಥವರನ್ನೇ. ಮೇಷ್ಟ್ರ ಸಪ್ಪೆ ಮುಖ ನೆನಪಾಗಿ ನಾಚಿಕೆಯಾಯಿತು. ಆದರೆ ನಾಚಿಕೆಪಡುತ್ತ ಕೂರಲು ಭಯ ಬಿಡಲಿಲ್ಲ. ಬಾಟಲಿಯ ಹನಿಗಳಲ್ಲೇ ಕಣ್ಣು ನೆಟ್ಟಿದ್ದೆ.

ಅವರು ಉಳಿದರು. ಸೊರಗಿ ಮನೆಗೆ ಬಂದರು, ಬಂದ ದಿನವೇ ಮೇಷ್ಟ್ರ ಕನ್ನಡಕಕ್ಕೆ ಹೊಸ ಕಡ್ಡಿ ಹಾಕಿಕೊಟ್ಟರು.

ಮುಂದಿನ ಪರೀಕ್ಷೆಯಲ್ಲಿ ಡಾಕ್ಟರಮ್ಮ, "ಬಿ ಕೋಶಗಳು ವಾಪಸ್ ಬರ್ತಿವೆ, ಹೊಸವು" ಎಂದರು. ಇವರು ಖುಷಿಯಿಂದ ನನ್ನ ಕಡೆ ನೋಡಿದರು.

"ಅದರಲ್ಲಿ ಆ ಕೆಟ್ಟವೂ ಇದ್ರೆ?" ಎಂದೆ ನಾನು.

"ಹೇಳೋಕಾಗಲ್ಲಮ್ಮ. ಎಷ್ಟೋ ಜನಕ್ಕೆ ವರ್ಷಗಟ್ಟಲೆ ಏನೂ ಆಗಲ್ಲ. ಕೆಲವರಿಗೆ ಮತ್ತೆ ಬರುತ್ತೆ. ಬಂದ್ರೆ ಮೊದಲು ಬಾಯಲ್ಲಿ ಕಾಣುತ್ತೆ. ನೋಡ್ತಾ ಇರಿ."

ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ನನ್ನದು ಒಂದೇ ಕೆಲಸ. ಅವರೇ ಮಾಡಿಕೊಟ್ಟ ಕನ್ನಡಕ ಏರಿಸಿ, ಟಾರ್ಚ್ ಹಿಡಿದು, "ಬಾಯ್ ತೆಗೀರಿ" ಎನ್ನುತ್ತೇನೆ. ಇವತ್ತು ಎಡಗೆನ್ನೆಯ ಒಳಗೆ ಕೆಂಪಗೆ ಏನೋ ಕಂಡಂತಾಯಿತು. ಇನ್ನೂ ಹತ್ತಿರ ಬಾಗಿದೆ, ಮೂಗಿಗೆ ಮೂಗು ತಾಗುವಷ್ಟು. ನನ್ನ ಮುಖ ನೋಡಿ ಅವರಿಗೆ ಗೊತ್ತಾಗಿರಬೇಕು. ಸುಮ್ಮನಿರದೆ ನನ್ನ ಕನ್ನಡಕದ ಮೇಲೆ ಜೋರಾಗಿ "ಹಾ" ಎಂದು ಉಸಿರು ಬಿಟ್ಟರು.

ಎಲ್ಲ ಬೆಳ್ಳಗಾಯಿತು.

"ನೋವಾಯ್ತೇನ್ರೀ?"

"ಇಲ್ಲ ಕಣೇ."

ನಾನು ಗಾಜು ಒರೆಸಿಕೊಳ್ಳಲಿಲ್ಲ. ಆ ಮಂಜು ತಾನಾಗಿ ಆರುವವರೆಗೆ ಹಾಗೇ ನಿಂತಿದ್ದೆ. ಆಮೇಲೆ ಟಾರ್ಚ್ ಎತ್ತಿ, "ಇನ್ನೊಂದ್ಸಲ ಬಾಯ್ ತೆಗೀರಿ" ಎಂದೆ.