ಗೆಳೆಯ ಆರಿಸಿದ ಬೋರ್ಡು

ಹುಕ್ಕೇರಿಯಲ್ಲಿ ನಮ್ಮ ಕಾಕಾನದು ಫೋಟೊ ಸ್ಟುಡಿಯೊ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಲಗ್ನದ ವಿಡಿಯೊಗಳಿಗೆ ಕಂಪ್ಯೂಟರಿನಲ್ಲಿ ಮಿಕ್ಸಿಂಗ್ ಮಾಡಿಸುವ ಹುಚ್ಚು ಎಲ್ಲರಿಗೂ ಹತ್ತಿತ್ತು. ಅಕ್ಷತೆ ಬೀಳುವಾಗ ಗುಲಾಬಿ ಹೂವೊಂದು ಗಿರಗಿರ ತಿರುಗಬೇಕು, ಅದರೊಳಗಿಂದ ಮದುಮಕ್ಕಳು ಮೂಡಿಬರಬೇಕು. ಇಷ್ಟಕ್ಕಾಗಿ ಕ್ಯಾಸೆಟ್ ಹೊತ್ತುಕೊಂಡು ಗೋಕಾಕಕ್ಕೆ ತಿರುಗಿ ತಿರುಗಿ ಸಾಕಾಗಿ, ಕಾಕಾ ಕಡೆಗೂ ಸ್ವಂತ ಮಶೀನು ಕೂಡಿಸಲು ಒಪ್ಪಿದರು.

ಕೂಡಿಸುವವನು ನನ್ನ ಕಾಲೇಜಿನ ಗೆಳೆಯ, ಸಂಕೇಶ್ವರದ ಜೈನ ವ್ಯಾಪಾರಿಗಳ ಮನೆಯವನು. ಊರಲ್ಲಿ ಕಂಪ್ಯೂಟರ್ ಅಂಗಡಿ ಹಾಕಬೇಕೆಂಬುದು ಅವನ ಒಂದೇ ಆಸೆ. ಬೇರೆಯವರಿಗೆ ಅವನು ಕೂಡಿಸಿಕೊಡುವ ಮೊದಲ ಮಶೀನು ಇದು. ಸುತ್ತಲಿನ ಫೋಟೊಗ್ರಾಫರುಗಳೆಲ್ಲ ಕಾಕಾನ ಮಾತು ಕೇಳುವವರು. ಇದು ಸರಿಯಾಗಿ ನಡೆದರೆ ಮೂಡಲಗಿಯವರೆಗಿನ ಸ್ಟುಡಿಯೊದವರನ್ನೆಲ್ಲ ಅವನ ಕಡೆಗೇ ಕಳಿಸುವುದಾಗಿ ಕಾಕಾ ಮಾತು ಕೊಟ್ಟಿದ್ದರು. ನಡೆಯದಿದ್ದರೆ ಅವನ ಅಂಗಡಿ ಏಳುವ ಮೊದಲೇ ಮುಚ್ಚಿದಂತೆ.

ಸಾಮಾನು ತರಲು ಇಬ್ಬರೂ ಕೊಲ್ಲಾಪುರಕ್ಕೆ ಹೋದೆವು. ನಾನು ಪ್ರೊಸೆಸರ್ ಯಾವುದೆಂದು ಕೇಳಿದರೆ ಅವನು ಅದು ಕೂರುವ ಮದರ್‌ಬೋರ್ಡಿನ ಮಾತೇ ಎತ್ತುತ್ತಿದ್ದ. ಬೋರ್ಡು ಬಡಿತ ಹಾಕುತ್ತದಂತೆ, ಒಂದೊಂದು ಬಡಿತಕ್ಕೆ ಪ್ರೊಸೆಸರ್ ನಾಲ್ಕೂವರೆ ಹೆಜ್ಜೆ ಇಡುತ್ತದಂತೆ. ಹೆಜ್ಜೆಯ ಲೆಕ್ಕ ಬದಲಾಗದು, ಬಡಿತವನ್ನು ಏರಿಸಬಹುದು. ಬೋರ್ಡು ಅರವತ್ತಾರರ ಬದಲು ನೂರು ಬಡಿದರೆ ಅಗ್ಗದ ಪ್ರೊಸೆಸರೂ ತುಟ್ಟಿಯದರ ಸರಿಸಮ ಓಡುತ್ತದೆ. ಇದಕ್ಕೇ ಓವರ್‌ಕ್ಲಾಕಿಂಗ್ ಎನ್ನುತ್ತಾರೆಂದು ಹೇಳಿ, ಬಡಿತ ಏರಿಸಲು ಬಿಡದ ಬೋರ್ಡುಗಳನ್ನೆಲ್ಲ ಹಿಂದಕ್ಕೆ ತಳ್ಳಿದ. ನಾಲ್ಕು ಅಂಗಡಿ ಆದವು. ಐದನೆಯದರಲ್ಲಿ ಬೋರ್ಡು ಸಿಕ್ಕಮೇಲೂ, ಆ ಬಡಿತ ತಾಳುವುದು ಯಾವುದೆಂದು ಪ್ರೊಸೆಸರುಗಳ ಬೆನ್ನಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದುತ್ತ ಕೂತ. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೇ, ಅಂಗಡಿಯವನ ಮುಂದೆಯೇ ಗೊಣಗಿದೆ.

ಮರುದಿನ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಮಶೀನು ಜೋಡಿಸಿದ. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕೊನೆಯ ಕೆಲಸವೊಂದನ್ನು ನನಗೆ ಒಪ್ಪಿಸಿ ಬಸ್ಸು ಹಿಡಿದ. ಪ್ರೊಸೆಸರಿನ ಮೇಲೆ, ಅದರ ಶಾಖವನ್ನು ಫ್ಯಾನಿಗೆ ದಾಟಿಸುವ ಪೇಸ್ಟು ಒಂಚೂರು ಹಚ್ಚಿ, ಫ್ಯಾನು ಕೂಡಿಸಿ, ಕ್ಲಿಪ್ಪು ಒತ್ತುವುದು. ಒತ್ತಿದೆ.

ಬೆಳಿಗ್ಗೆ ಬಂದು ಬಡಿತ ಏರಿಸಿದ. ಹತ್ತು ನಿಮಿಷ ಓಡಿತು. ಆಮೇಲೆ ವಿಡಿಯೊದಲ್ಲಿ ಮದುಮಗಳು ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಬಡಿತ ಇಳಿಸಿದರೆ ಸರಿ, ಏರಿಸಿದರೆ ಮತ್ತೆ ಅದೇ ಕೈ. ಮದುಮಗ ಯಮಕನಮರಡಿಯ ಫೌಜಿ, ಸೈನ್ಯದ ರಜೆ ಮುಗಿಯುತ್ತ ಬಂದಿತ್ತು. ಕ್ಯಾಸೆಟ್ ಇಲ್ಲದೆ ರೈಲು ಹತ್ತುವುದಿಲ್ಲವೆಂದು ಬೆಂಚಿನ ಮೇಲೆ ಕೂತುಬಿಟ್ಟಿದ್ದ. ಇಳಿಸಿದ ವೇಗದಲ್ಲಿ ಕೆಲಸ ಮುಗಿಯುವಂತಿರಲಿಲ್ಲ. ಕಾಕಾ ಗಳಿಗೆಗೊಮ್ಮೆ ಪರದೆ ಸರಿಸಿ ಇಣುಕುತ್ತಿದ್ದರು. ಗೆಳೆಯ ಬೆವರು ಒರೆಸಿಕೊಳ್ಳುತ್ತ ಒಂದೊಂದೇ ವೈರು ಬಿಚ್ಚಿ ಹಾಕುತ್ತಿದ್ದ.

ಎರಡನೇ ದಿನ ಮಧ್ಯಾಹ್ನ ನನ್ನ ಸಿಟ್ಟು ನೆತ್ತಿಗೇರಿತು. ಫೌಜಿಯ ಮುಂದೆ, ಪಾಸ್‌ಪೋರ್ಟ್ ಫೋಟೊಕ್ಕೆ ಬಂದ ಮಂದಿಯ ಮುಂದೆ ಅಂದೆ: "ಪುಸ್ತಕ ಓದಿ ಶಾಣ್ಯಾ ಆದವನ ಕೈಗೆ ಕೊಟ್ರ ಹಿಂಗ ಆಗತೈತಿ. ಐದ ಅಂಗಡಿ ತಿರುಗಿ ಇದನ್ನ ಆರಿಸಿದಿ? ತಗದ ಒಗಿ ಆ ಬೋರ್ಡ್."

ಅವನ ಕಿವಿ ಕೆಂಪಾದವು. ಫ್ಯಾನಿನ ಕ್ಲಿಪ್ಪು ಬಿಚ್ಚಿ ಎತ್ತಿದ. ಎತ್ತಿದವನು ಹಾಗೇ ನಿಂತ. ನಾನೂ ಬಗ್ಗಿ ನೋಡಿದೆ.

ಪ್ರೊಸೆಸರಿನ ಮೇಲೆ ಅಡ್ಡಕ್ಕೆ ಮೂರು ಬಿಳಿ ಗೆರೆ. ನಡುವೆ ಪೇಸ್ಟು ಒಣಗಿ ಹರಳುಗಟ್ಟಿತ್ತು. ಅವನು ಉಗುರಿನಿಂದ ಕೆರೆದ, ಪುಡಿ ಉದುರಿತು. ಆಮೇಲೆ ತಲೆ ಎತ್ತಿ ನನ್ನ ಹಣೆ ನೋಡಿದ.

ನಮ್ಮ ಮನೆಗೆ ಹೊಸ ಸೈಕಲ್ಲು ಬರಲಿ, ಹೊಲಿಗೆ ಮಶೀನು ಬರಲಿ, ಮೊದಲು ವಿಭೂತಿ. ಆ ಸಂಜೆ ಪೇಸ್ಟಿಗಿಂತ ಮುಂಚೆ ನನ್ನ ಮೂರು ಬೆರಳು ತಾವಾಗಿಯೇ ಆ ಕೆಲಸ ಮಾಡಿದ್ದವು. ಮಾಡಿದ್ದು ನನಗೆ ನೆನಪೂ ಉಳಿದಿರಲಿಲ್ಲ. ಬೂದಿಯ ಪದರ ಕೂತಮೇಲೆ ಏರಿಸಿದ ಬಡಿತದ ಶಾಖ ಫ್ಯಾನಿಗೆ ಹತ್ತುವುದೆಲ್ಲಿಂದ ಬಂತು?

ಅವನು ಕರವಸ್ತ್ರದಿಂದ ಒರೆಸಿ, ಹೊಸ ಪೇಸ್ಟು ಹಚ್ಚಿ, ಫ್ಯಾನು ಕೂಡಿಸಿ, ಬಡಿತ ನೂರಕ್ಕೆ ಏರಿಸಿದ. ಹತ್ತು ನಿಮಿಷ ದಾಟಿತು. ಅರ್ಧ ತಾಸು, ಒಂದು ತಾಸು ದಾಟಿತು. ಮದುಮಗಳ ಕೈ ಇಳಿಯಿತು, ಅಕ್ಷತೆ ಬಿತ್ತು, ಗುಲಾಬಿ ತಿರುಗಿತು. ಫೌಜಿ ಎದ್ದು ನಿಂತು ನಕ್ಕ.

ಕಾಕಾ ಒಳಗೆ ಬಂದು ಏನಾಗಿತ್ತೆಂದು ಕೇಳಿದರು. ಗೆಳೆಯ ನನ್ನ ಕಡೆ ನೋಡಿದ. ಹೇಳು ಎಂದು ಕಾಯುತ್ತಿದ್ದಾನೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಅಷ್ಟು ಮಂದಿಯ ಮುಂದೆ ಅವನನ್ನು ಝಾಡಿಸಿದ ನಾಲಿಗೆ ಈಗ ಏಳಲಿಲ್ಲ. ನಾಚಿಕೆಯೋ ಹೆದರಿಕೆಯೋ, ಎರಡೂ ಇದ್ದವು.

"ಫ್ಯಾನ್ ಬರೋಬರಿ ಕೂತಿದ್ದಿಲ್ರಿ, ಕಾಕಾ," ಅಂದ ಅವನೇ.

"ಒಂದ ಫ್ಯಾನ್ ಕೂಡಸಾಕ ಬರಲಾರದವನ ಕಡೆ ಮಂದಿನ್ನ ನಾ ಹೆಂಗ ಕಳಸ್ಲಿ?" ಕಾಕಾ ನನ್ನತ್ತ ತಿರುಗಿದರು. "ಹೌದಿಲ್ಲೋ?"

ಗೆಳೆಯ ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

"ಹೌದ್ರಿ," ಅಂದೆ ನಾನು.